ಅಳುವ ಸಂತನ ಬಾಯಿ

ಬರ್ಗಂಡಿಯ ನಮ್ಮೂರಿನಲ್ಲಿ ಸಂತರು ಗೋಡೆಯೊಳಕ್ಕೆ ಮುಖ ಮಾಡಿ ನಿಂತಿದ್ದಾರೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಹಳೆಯ ಮಠ ಒಡೆದಾಗ ನಮ್ಮ ಹಿರಿಯರು ಅದರ ಕಲ್ಲು ಹೇರಿಕೊಂಡು ಬಂದು ಕೊಟ್ಟಿಗೆ, ಹಂದಿಗೂಡು ಕಟ್ಟಿಕೊಂಡರು. ಕೆತ್ತಿದ ಮುಖ ಒಳಗೆ, ಸಪಾಟು ಬೆನ್ನು ಹೊರಗೆ. ಉಬ್ಬುತಗ್ಗಿದ್ದರೆ ಗಾರೆ ಚೆನ್ನಾಗಿ ಹಿಡಿಯುತ್ತದೆ ಎಂದು ಕೆಲವರು. ಹಂದಿಗಳನ್ನು ಸಂತರೇಕೆ ನೋಡಬೇಕು ಎಂದು ಇನ್ನು ಕೆಲವರು.

ಅಳಿದುಳಿದ ಚೂರುಗಳನ್ನು ಹಳೆಯ ದ್ರಾಕ್ಷಾರಸದ ಉಗ್ರಾಣದಲ್ಲಿ ಜೋಡಿಸಿ ನೋಡುವವರು ಕಲೆಯ ಇತಿಹಾಸ ಬಲ್ಲ ಮದಾಂ ಓದಿಲ್. ಧೂಳು ತೆಗೆಯುವವಳು ನಾನು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಬೆಳಕು ಹಾಲಿನಂತೆ ಹರಡುತ್ತದೆ. ರೆಕ್ಕೆ, ಬೆರಳು, ಅರ್ಧ ಎಲೆ, ಸಿಂಹದ ಕಿವಿ, ಎಲ್ಲವೂ ನೀರಿನಡಿ ಮಲಗಿದಂತಿರುತ್ತವೆ. ಮಾತು ಶುರುಮಾಡಿದವರು ಅದನ್ನು ಮುಗಿಸುವುದನ್ನೇ ಮರೆಯುತ್ತಾರೆ.

ಅಲ್ಲೊಂದು ಮುಖವಿದೆ, ಮೂಗಿನಿಂದ ಮೇಲಕ್ಕೆ ಮಾತ್ರ. ಅರೆಮುಚ್ಚಿದ ರೆಪ್ಪೆ, ಕಣ್ಣಂಚಿನಲ್ಲಿ ಕೆತ್ತಿದ ಒಂದು ಹನಿ. ಓದಿಲ್ ಗಂಡನನ್ನು ಕಳೆದುಕೊಂಡ ವರ್ಷ ಸಿಕ್ಕಿದ್ದು. ಅದಕ್ಕೆ 'ಅಳುವ ಸಂತ' ಎಂದು ಹೆಸರಿಟ್ಟು, ಅವನ ದುಃಖದ ಬಗ್ಗೆ ಇಡೀ ಪುಸ್ತಕವನ್ನೇ ಬರೆದಿದ್ದರು. ಬಾಯಿಯೊಂದು ಸಿಕ್ಕರೆ ಪುಸ್ತಕ ಅಚ್ಚಿಗೆ ಹೋಗುವುದಿತ್ತು.

ಆ ಬಾಯಿ ನಮ್ಮೂರ ರೈತ ಫಿರ್ಮಿನನ ಮೊಲದ ಗೂಡಿನ ಗೋಡೆಯಲ್ಲಿತ್ತು. ಗಾರೆ ಉದುರಿ ಗದ್ದದ ಅಂಚು ಕಂಡಿತ್ತು.

"ತಗೊಂಡ್ಹೋಗಿ ಮದಾಂ, ನಂಗೇನು? ಆದ್ರೆ ಈಗ ಬೇಡ. ಮೊನ್ನೆ ಮರಿ ಹಾಕಿದೆ. ಸದ್ದು ಮಾಡಿದ್ರೆ ತಾಯಿ ತನ್ನ ಮರೀನೇ ತಿಂದ್ಬಿಡತ್ತೆ."

"ಎಲ್ಲೀವರೆಗೆ ಕಾಯ್ಲಯ್ಯಾ?"

"ಎಂಟುನೂರು ವರ್ಷ ಅತ್ತಿದಾನಂತಲ್ಲ, ಇನ್ನೊಂದು ತಿಂಗಳು ಅಳ್ಲಿ ಬಿಡಿ."

ಹೀಗೆ ಕಲೆಯ ಇತಿಹಾಸ ಒಂದು ಮೊಲದ ಬಾಣಂತನ ಮುಗಿಯುವವರೆಗೆ ಹೊರಗೆ ನಿಂತು ಕಾಯಿತು.

ಮರಿಗಳು ಹುಲ್ಲು ಕಡಿಯುವಂತಾದ ಮೇಲೆ, ಒಂದು ದಿನ ಊಟ ಮುಗಿಸಿ ಫಿರ್ಮಿನ್ ಕಲ್ಲನ್ನು ಕೈಗಾಡಿಯಲ್ಲಿ ತಂದ. ನಾನು ಗಾರೆ ಕೆರೆಯುವಷ್ಟು ಹೊತ್ತೂ ಓದಿಲ್ ಕಿಟಕಿಯತ್ತ ತಿರುಗಿದ್ದರು. ಮರಳಿನ ತಟ್ಟೆಯಲ್ಲಿ ಎರಡೂ ಚೂರು ಕೂಡಿಸಿದೆವು. ಒಡಕು ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು.

ಬಾಯಿ ಗುಹೆಯಂತೆ ತೆರೆದಿತ್ತು. ಜೋತ ದವಡೆ, ಮುದುಡಿದ ನಾಲಿಗೆ, ಅಡ್ಡ ಹಿಡಿದ ಮೂರು ಬೆರಳು.

"ದುಃಖಕ್ಕೆ ಕಿರುಚ್ತಿರಬಹುದು," ಎಂದೆ ನಾನು, ನನಗೇ ನಂಬಿಕೆಯಿಲ್ಲದೆ.

ಓದಿಲ್ ಬಹಳ ಹೊತ್ತು ನೋಡಿದರು. "ಕಿರುಚೋರು ಬಾಯಿಗೆ ಕೈ ಅಡ್ಡ ಇಡಲ್ಲ ಕಣೇ. ಆಕಳಿಸ್ತಿದಾನೆ."

"ಮತ್ತೆ ಆ ಕಣ್ಣೀರು?" ಎಂದ ಫಿರ್ಮಿನ್.

"ಜೋರಾಗಿ ಆಕಳಿಸಿದ್ರೆ ನಿಂಗೆ ಬರಲ್ವಾ?"

ಅವನು ಉತ್ತರ ಕೊಡಲು ಬಾಯಿ ತೆರೆದ. ಅದು ಆಕಳಿಕೆಯಾಗಿ ಹೋಯಿತು. ನನ್ನ ಸರದಿಯೂ ಬಂತು. ಓದಿಲ್ ತುಟಿ ಬಿಗಿದು ತಡೆದರು. ಮೂಗಿನ ಹೊಳ್ಳೆ ಅದುರಿತು. ಕೊನೆಗೆ ಸೋತು, ಬೆರಳು ಅಡ್ಡ ಹಿಡಿದು, ದೊಡ್ಡದಾಗಿ ಆಕಳಿಸಿದರು. ಕಣ್ಣಿನಿಂದ ಇಳಿದ ನೀರನ್ನು ಒರೆಸಿಕೊಳ್ಳಲಿಲ್ಲ.

"ಮದಾಂ, ಪುಸ್ತಕ?" ಎಂದೆ.

"ಮತ್ತೆ ಬರೀಬೇಕು," ಎಂದರು. "ನಾಳೆ ನೋಡಿದ್ರಾಯ್ತು."

ಕುರ್ಚಿ ಎಳೆದು ಸಂತನ ಪಕ್ಕ ಕೂತರು. ತಲೆ ನಿಧಾನಕ್ಕೆ ವಾಲಿತು. ಆ ಹಾಲು ಬೆಳಕಿನಲ್ಲಿ, ತುಂಬ ವರ್ಷಗಳಿಂದ ನಿದ್ದೆಯನ್ನು ಮುಂದೂಡುತ್ತಾ ಬಂದವರ ಹಾಗೆ, ಓದಿಲ್ ನಿದ್ದೆ ಹೋದರು.