ತಿರುಚಿದ ಕೈ

ಬೇಗೂರು ದಾಟುತ್ತಲೇ ಬಸ್ಸು ಗುಂಡಿಗೆ ಬಿದ್ದೆದ್ದಿತು, ಪ್ಲಾಸ್ಟರು ಹಾಕಿದ ಕೈ ನನ್ನ ಮಡಿಲಿಂದ ಹಾರುವ ಮೊದಲೇ ಇವರು ಎರಡೂ ಅಂಗೈ ಅಡಿಗೆ ಕೊಟ್ಟು ಹಿಡಿದುಕೊಂಡರು, ನೋವಾಯ್ತಾ ಅಮ್ಮಿ ಅಂದರು, ಇಲ್ಲ ಅಂದೆ, ಹೀಗೆ ಕೇಳುವ ಗಂಡ ಹೊಸಬ, ಮುಂಚಿನ ಶಾಂತರಾಜು ಬೇರೆ — ಕುಡಿದು ಬಂದು ಮತ್ತೆ ಹೊರಟವರನ್ನು ತಡೆಯಲು ಅವತ್ತು ಬಾಗಿಲ ಚಿಲಕ ಹಿಡಿದು ನಿಂತಿದ್ದೆ, ಬುಡು ಅಂದರು, ಬುಡಲ್ಲ ಅಂದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ಮಣಿಕಟ್ಟು ತಿರುಚಿಬಿಟ್ಟರು, ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲೇ ಊತ, ಮೊದಲು ನೆಲ್ಲಿಕಾಯಷ್ಟು, ಆಮೇಲೆ ಬಳೆಯೇ ಏರದಷ್ಟು, ಹಂಗಳದಲ್ಲಿ ಎಣ್ಣೆ ತಿಕ್ಕಿದರು, ಗುಂಡ್ಲುಪೇಟೆಯಲ್ಲಿ ಮಾತ್ರೆ ಕೊಟ್ಟರು, ಚಾಮರಾಜನಗರದ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತೋರಿಸಿದರು, ಮೂಳೆಯ ತುದಿ ಸೋಪಿನ ನೊರೆಯ ಹಾಗಿತ್ತು, ಇವರು ಟೀ ತರಲು ಹೋಗಿದ್ದರು, ನಾನೇ ಕೇಳಿದೆ, ಕೈ ತಿರುಚಿದ್ರೆ ಇಂಗಾಯ್ತದಾ ಸಾ, ಇಲ್ಲಮ್ಮ, ಇದು ತಾನಾಗಿ ಬರೋ ಗೆಡ್ಡೆ, ಕ್ಯಾನ್ಸರ್ ಅಲ್ಲ, ಆದ್ರೆ ಮೂಳೆ ತಿಂದುಹಾಕುತ್ತೆ, ಮೈಸೂರಲ್ಲಿ ಆಪರೇಷನ್ ಮಾಡಿಸಿ — ಟೀ ಬಂತು, ಇವರಿಗೆ ಎಲ್ಲ ಹೇಳಿದೆ, ತಾನಾಗಿ ಬರುವುದೆಂಬುದನ್ನು ಬಿಟ್ಟು, ನನ್ನಿಂದ್ಲೇ ಆಗೋಯ್ತು ಎಂದು ಇವರು ಲೋಟ ಕೆಳಗಿಟ್ಟರು, ನಾನು ಸುಮ್ಮನಿದ್ದೆ.

ಆ ಸುಮ್ಮನಿದ್ದದ್ದು ಏನೆಲ್ಲ ಮಾಡಿತು, ಇವರು ಕುಡಿತ ಬಿಟ್ಟರು, ನೀರು ಹೊತ್ತರು, ಸೊಟ್ಟ ಬೈತಲೆ ತೆಗೆದು ನನ್ನ ತಲೆ ಬಾಚಿದರು, ಬರಿಗಾಲಲ್ಲಿ ಗೋಪಾಲಸ್ವಾಮಿ ಬೆಟ್ಟ ಹತ್ತಿಬಂದರು, ದೇವ್ರು ನಿನ್ ಕೈ ತಕ್ಕಂಡು ಗಂಡನ್ನ ಕೊಟ್ಟ ಕಣಮ್ಮಿ ಎಂದು ನನ್ನವ್ವ ಮೂಗಮ್ಮ ಕಣ್ಣೊರೆಸಿಕೊಂಡಳು, ಕಾಲಿನ ಸಣ್ಣ ಮೂಳೆ ತೆಗೆದು ಕೈಗೆ ಕೂರಿಸ್ತೀವಿ ಅಂತ ಮೈಸೂರಿನ ಡಾಕ್ಟರು ಹೇಳಿದಾಗ ಇವರು ಪಂಚೆ ಎತ್ತಿ ನಿಂತರು, ನನ್ ಕಾಲಿಂದೇ ತಕ್ಕಳಿ ಸಾ, ನರ್ಸಮ್ಮಂದಿರು ನಕ್ಕರು, ನನಗೆ ನಗಲಾಗಲಿಲ್ಲ — ಆಪರೇಷನ್ನಿಗೆ ಕುತ್ತಿಗೆ ಪಕ್ಕ ಚುಚ್ಚಿ ಬೆನ್ನಿಗೆ ಚುಚ್ಚಿ ಮರಗಟ್ಟಿಸಿ ಮಲಗಿಸಿದ್ದಾರೆ, ಎಚ್ಚರವಿದೆ, ಕೈ ಎದೆ ಮೇಲಿದೆ ಅನಿಸುತ್ತೆ, ನೋಡಿದರೆ ಎದೆ ಮೇಲೆ ಏನೂ ಇಲ್ಲ, ಪರದೆಯಾಚೆ ಗರಗಸ, ಕುಯ್ಯುತ್ತಿರುವುದು ನನ್ನನ್ನೇ, ಈ ಗೆಡ್ಡೆ ಹೋದರೂ ಒಳಗಿನದ್ದು ಹೋಗುವುದಿಲ್ಲ, ಅದನ್ನು ಯಾರು ತೆಗೆಯುತ್ತಾರೆ — ಮನೆಗೆ ಕಳಿಸುವಾಗ ಡಾಕ್ಟರು, ಬೆರಳಾಡುತ್ತೆ, ಮಣಿಕಟ್ಟು ಇನ್ನು ಮಡಚಲ್ಲ, ಗೆಡ್ಡೆ ಮತ್ತೆ ಬಂದ್ರೂ ಬರಬಹುದು, ತೋರಿಸ್ತಾ ಇರಿ ಅಂದರು.

ಕಿಟಕಿಯಾಚೆ ಈರುಳ್ಳಿ ಲಾರಿ, ಚಾಮರಾಜನಗರ ಜಿಲ್ಲೆ ಎಂದು ಹೊಸ ಬಣ್ಣ ಹೊಡೆದ ಬೋರ್ಡು, ಗುಂಡ್ಲುಪೇಟೆ ಹತ್ತಿರವಾಗುತ್ತಿದೆ, ಇವರು ಕಿವಿಯ ಹತ್ತಿರ ಬಾಗಿ, ಅದು ಮತ್ತೆ ಬಂದ್ರೆ ನಾ ಬದುಕಿರಲ್ಲ ಕಣಮ್ಮಿ, ಬಾವಿ ನೋಡ್ಕತೀನಿ ಅಂದರು, ಬರೀ ಬಾಯಿಮಾತಿಗೆ ಅಂದದ್ದಲ್ಲ, ನನಗೆ ತಡೆಯಲಾಗಲಿಲ್ಲ, ಕೇಳಿ ಇಲ್ಲಿ, ನೀವು ತಿರುಚಿದ್ದಕ್ಕೆ ಬಂದಿದ್ದಲ್ವಂತೆ, ಡಾಕ್ಟ್ರು ಆವತ್ತೇ ಹೇಳಿದ್ರು, ನಾನೇ ಮುಚ್ಚಿಟ್ಟೆ, ದಿಟವಾ ಅಂದರು, ದಿಟ ಅಂದೆ, ಬೈಯುತ್ತಾರೆಂದು ಕಾದೆ, ಬೈಯಲಿಲ್ಲ, ಯಾಕೆ ಮುಚ್ಚಿಟ್ಟೆ ಎಂದೂ ಕೇಳಲಿಲ್ಲ, ಉದ್ದಕ್ಕೆ ಉಸಿರು ಬಿಟ್ಟು, ಅಂಗಾದ್ರೆ ನಂದೇನೂ ತಪ್ಪಿಲ್ಲ ಅಂದರು, ಏನೂ ಇಲ್ಲವೇ, ಏನೂ, ಅಂದುಕೊಂಡು ತಿರುಗಿದರೆ ಇವರು ಆಗಲೇ ಸೀಟಿಗೊರಗಿ ಕಣ್ಣು ಮುಚ್ಚಿದ್ದರು, ಎಷ್ಟು ದಿನದ ನಿದ್ದೆಯೋ, ಬಸ್ಸು ಮತ್ತೆ ಎಗರಿತು, ನನ್ನ ಕೈ ಮುಂದಿನ ಸೀಟಿನ ಕಂಬಿಗೆ ಬಡಿಯಿತು, ಅವ್ವಾ ಅಂದೆ, ಇವರಿಗೆ ಎಚ್ಚರವಾಗಲಿಲ್ಲ, ಇವರ ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿದೆ, ಬೆರಳು ಅರ್ಧ ಮಡಚಿವೆ, ನಡುವೆ ಒಂದು ಮಣಿಕಟ್ಟಿನಷ್ಟು ಜಾಗ, ಬಸ್ಸು ಕುಲುಕಿದಾಗ ಬೆರಳು ಕೊಂಚ ಬಿಗಿಯುತ್ತವೆ, ಮತ್ತೆ ಸಡಿಲ, ಮತ್ತೆ ಅದೇ ಜಾಗ, ಒಂದು ಮಣಿಕಟ್ಟಿನಷ್ಟು —