ಶಿಲುಬೆ ಸಾಲಿನಲ್ಲಿ ಪೋಪ್

"ನೋಡಿ ಅಮ್ಮ, ಈ ಸಾಲಿನ ಕೆಳಗೆ ಯಾರೂ ಇಲ್ಲ. ಅದು ನಿಮಗೂ ಗೊತ್ತು, ನನಗೂ ಗೊತ್ತು," ಎಂದ ಊರಿನ ಮುಖಂಡ ಕಪಿತಾನ್ ನೆಮೆಸಿಯೊ.

ರೊಸೆಂದಾ ತಲೆ ಎತ್ತಲಿಲ್ಲ. ಸತ್ತವರ ಹಬ್ಬ ಹತ್ತಿರ ಬಂದಿತ್ತು. ಮಗಳ ಶಿಲುಬೆಗೆ ಬಿಳಿ ಬಣ್ಣ ಬಳಿಯುತ್ತಿದ್ದಳು. ಮಗಳ ಶಿಲುಬೆ ಎಂದರೆ ರೊಸೆಂದಾ ತಾನೇ ಆರಿಸಿಕೊಂಡದ್ದು. ಚಂಡಮಾರುತ ಕಡಲನ್ನು ಊರೊಳಕ್ಕೆ ನುಗ್ಗಿಸಿದ ವರ್ಷ, ಗುರುತು ಹಿಡಿಯಲು ಪುರುಸೊತ್ತಿಲ್ಲದೆ ಹೆಣಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹೂತಿದ್ದರು. ಆಮೇಲೆ ಅದರ ಮೇಲೆ ಸಾಲುಸಾಲಾಗಿ ಶಿಲುಬೆ ನೆಟ್ಟರು. ಯಾವುದರ ಕೆಳಗೆ ಯಾರೋ; ರಸ್ತೆ ಪಕ್ಕದ ಈ ಸಾಲಂತೂ ಹೆಣ ಹೂತ ಜಾಗದಿಂದ ಆಚೆ ಬಿತ್ತು ಎಂದೇ ಊರಿನ ಮಾತು. ತಮ್ಮವರು ಸಿಗದವರು ಮನಸ್ಸಿಗೆ ಬಂದ ಒಂದು ಶಿಲುಬೆ ಹಿಡಿದು ಹೆಸರು ಬರೆದರು. ಬರೆದ ಮೇಲೆ ಅದು ಅವರದು, ಇನ್ನೊಬ್ಬರು ಮುಟ್ಟುವಂತಿಲ್ಲ. ರೊಸೆಂದಾ ಬರೆದದ್ದು ಜೆನಲಿನ್ ಎಂದು.

ಊರು ಇನ್ನೂ ಎದ್ದು ನಿಲ್ಲದಿದ್ದಾಗ ಪೋಪ್ ಬಂದಿದ್ದರು. ಅಂದು ಜಡಿಮಳೆ. ಜನಕ್ಕೆ ಹಂಚಿದ್ದಂಥದೇ ಅಗ್ಗದ ಹಳದಿ ಪ್ಲಾಸ್ಟಿಕ್ ಮಳೆಕೋಟು ತೊಟ್ಟು ನಿಂತರು. ಬರೆದು ತಂದ ಭಾಷಣ ಪಕ್ಕಕ್ಕಿಟ್ಟು, ನಿಮಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ ಎಂದರು. ಮಗಳು ಹೋದ ಮೇಲೆ ರೊಸೆಂದಾ ಮೊದಲ ಸಲ ಬಾಯಿಬಿಟ್ಟು ಅತ್ತದ್ದು ಅಂದು, ಆ ಕೆಸರಿನಲ್ಲಿ.

ಈ ವರ್ಷ ಅವರು ತೀರಿಕೊಂಡರು. ತೀರಿಕೊಂಡದ್ದೇ ತಡ, ನೆಮೆಸಿಯೊನಂಥವರಿಗೆ ಮಾತು ಬಂತು. ಚಂಡಮಾರುತದ ದಿನ ಎಲ್ಲಿದ್ದೆ ಎಂದು ಕೇಳಿದರೆ ಕೆಮ್ಮುವ ಮನುಷ್ಯ, ಈಗ ಪೋಪರ ಬಗ್ಗೆ ಊಟದ ಹೊತ್ತು ಮೀರುವವರೆಗೆ ಮಾತಾಡುತ್ತಿದ್ದ. ಬೀದಿಗೊಂದು ಬ್ಯಾನರ್. ಒಂದು ಮೂಲೆಯಲ್ಲಿ ಪೋಪ್, ಮಿಕ್ಕದ್ದೆಲ್ಲ ಕಪಿತಾನನ ಹಲ್ಲು.

"ಶನಿವಾರ ಪ್ರತಿಮೆ ಬರತ್ತೆ," ಎಂದ ಅವನು. "ಫೈಬರ್‌ದು. ಹಳದಿ ಕೋಟು ಹಾಕ್ಕೊಂಡು ಕೈ ಚಾಚಿರೋದು, ಪೀಠದ ಮೇಲೆ ನನ್ನ ಹೆಸರು. ರಸ್ತೆಗೆ ಕಾಣಬೇಕು ಅಂದ್ರೆ ಇದೇ ಜಾಗ. ನಿಮ್ಮ ಶಿಲುಬೇನ ಹಿಂದ್ಗಡೆ ನೆಡಿಸ್ತೀನಿ. ಎಲ್ಲಿದ್ರೇನು, ಕೆಳಗೆ ಯಾರೂ ಇಲ್ವಲ್ಲ."

"ನಿಮ್ಮ ಪ್ರತಿಮೆ ಕೆಳಗೆ ಪೋಪ್ ಇರ್ತಾರಾ?" ಎಂದಳು ರೊಸೆಂದಾ.

ಪಕ್ಕದ ಶಿಲುಬೆಗೆ ಬಣ್ಣ ಬಳಿಯುತ್ತಿದ್ದ ಪುರಿಂಗ್ ನಕ್ಕಳು. ಅವಳ ಶಿಲುಬೆಯ ಮೇಲಿದ್ದುದು ಮಗನ ಹೆಸರು.

"ಪೋಪ್ ಇರಲ್ಲ ಕಣೇ. ಆ ಪುಣ್ಯಾತ್ಮರು ತಮ್ಮ ಗೋರಿ ಮೇಲೆ ಬರೀ ಹೆಸರು ಸಾಕು ಅಂದಿದ್ರಂತೆ. ನಮ್ಮ ಕಪಿತಾನ್ ಅದನ್ನ ಸರಿಯಾಗೇ ಕೇಳಿಸ್ಕೊಂಡಿದಾರೆ. ಯಾರ ಹೆಸರು ಅನ್ನೋದೊಂದು ಮರೆತ್ರು."

"ಧರ್ಮದ ವಿಷಯದಲ್ಲಿ ತಮಾಷೆ ಬೇಡ, ಪುರಿಂಗಕ್ಕ."

"ತಮಾಷೆ ನಾವೆಲ್ಲಿ ಮಾಡ್ತಿದೀವಿ? ಅದು ಲಾರೀಲಿ ಬರ್ತಾ ಇದೆಯಲ್ಲ."

ಇಬ್ಬರೂ ಪಾದ್ರಿಯ ಬಳಿ ಹೋದರು. "ದೇವರಿಗೆ ಎಲ್ಲ ಜಾಗಾನೂ ಒಂದೇ ಅಮ್ಮ," ಎಂದರು ಪಾದ್ರಿ.

"ಹಾಗಾದ್ರೆ ನಿಮ್ಮ ಅಂಗಳದಲ್ಲೇ ನಿಲ್ಲಿಸ್ಕೊಳ್ಳಿ ಫಾದರ್," ಎಂದಳು ರೊಸೆಂದಾ.

ಅಲ್ಲಿ ಪಾದ್ರಿಯ ಕಾರು ನಿಲ್ಲುತ್ತದಂತೆ.

ಶನಿವಾರ ಅವರಿಬ್ಬರೂ ಬರುವಷ್ಟರಲ್ಲಿ ಕಪಿತಾನನ ಆಳುಗಳು ಆ ಸಾಲಿನ ಶಿಲುಬೆಗಳನ್ನೆಲ್ಲ ಕಿತ್ತು ಬೇಲಿಗೆ ಒರಗಿಸಿದ್ದರು, ಮುರಿದ ಕುರ್ಚಿಗಳನ್ನು ಒರಗಿಸುವ ಹಾಗೆ. ರಸ್ತೆಯಲ್ಲಿ ಲಾರಿ ನಿಂತಿತ್ತು. ಅದರ ಮೇಲೆ ಪೋಪ್ ಅಂಗಾತ ಮಲಗಿದ್ದರು. ಎದೆಗೆ ಹಗ್ಗ ಬಿಗಿದಿತ್ತು. ನೆಮೆಸಿಯೊ ಇಸ್ತ್ರಿ ಅಂಗಿಯಲ್ಲಿ ಮೈಕಿಗೆ ಊದುತ್ತಿದ್ದ. ಆ ಸಾಲಿನ ಹೆಂಗಸರೆಲ್ಲ ಬಂದು ಪ್ರತಿಮೆಗೆಂದು ತೋಡುತ್ತಿದ್ದ ಗುಂಡಿಯ ಸುತ್ತ ನಿಂತಿದ್ದರು. ಅವರನ್ನು ದೂರ ಕಳಿಸಲು ಯಾರಿಗೂ ಧೈರ್ಯವಿರಲಿಲ್ಲ.

ಅಡಿಪಾಯ ಅಗೆಯುತ್ತಿದ್ದವನ ಗುದ್ದಲಿ ನಿಂತಿತು. ಅವನು ಬಗ್ಗಿ ಕೈಯಿಂದ ಮಣ್ಣು ಸರಿಸಿದ. ಹರಿದ ಕಪ್ಪು ಪ್ಲಾಸ್ಟಿಕ್ ಚೀಲ. ಚೀಲದೊಳಗೊಂದು ರಬ್ಬರ್ ಚಪ್ಪಲಿ, ಚಪ್ಪಲಿಯೊಳಗೆ ಸಣ್ಣ ಮೂಳೆಗಳು.

"ಕಪಿತಾನ್," ಎಂದ ಅವನು ಟೋಪಿ ತೆಗೆಯುತ್ತ, "ಇಲ್ಲಿ ಯಾರೋ ಇದಾರೆ."

ನೆಮೆಸಿಯೊ ಗುಂಡಿಗೆ ಬಗ್ಗಿ ಪಿಸುಗುಟ್ಟಿದ. "ಮುಚ್ಚೋ, ಮುಚ್ಚು. ಒಂದು ಮಾರು ಆಚೆ ಅಗಿ, ಯಾರಿಗೂ ಗೊತ್ತಾಗಲ್ಲ."

ಮೈಕು ಅವನ ಕೈಯಲ್ಲೇ ಇತ್ತು. ರಸ್ತೆಯಾಚೆ ಮೀನು ಮಾರುವವರೂ ಕೇಳಿಸಿಕೊಂಡು ತಿರುಗಿ ನೋಡಿದರು. ಅಗೆಯುವವನು ಗುದ್ದಲಿಯನ್ನು ಮೇಲಕ್ಕೆಸೆದು ಗುಂಡಿ ಹತ್ತಿ ಬಂದ, ಮತ್ತೆ ಇಳಿಯಲಿಲ್ಲ.

ರೊಸೆಂದಾ ಇಳಿದಳು. ಮಂಡಿಯೂರಿ, ಬೊಗಸೆಯಲ್ಲಿ ಮಣ್ಣು ತುಂಬಿ ಚಪ್ಪಲಿಯ ಮೇಲೆ ಮೆಲ್ಲಗೆ ಹಾಕಿದಳು. "ಜೆನಲಿನ್," ಎಂದಳು. ಎದುರಿಗೆ ಪುರಿಂಗ್ ಇಳಿದು ಕೂತಳು. "ರೆನಾತೊ," ಎಂದು ತಾನೂ ಒಂದು ಬೊಗಸೆ ಹಾಕಿದಳು. ಒಬ್ಬರಾದ ಮೇಲೊಬ್ಬರು ಬಂದರು. ಗಂಡ, ತಂಗಿ, ಅತ್ತೆ, ಹೆಸರಿಡುವ ಮೊದಲೇ ಹೋದ ಕೂಸು. ಅದು ಯಾರ ಕಾಲೆಂದು ಯಾರೂ ಜಗಳವಾಡಲಿಲ್ಲ.

ರಸ್ತೆಯಲ್ಲಿ ಲಾರಿ ತಿರುಗಲು ಜಾಗ ಹುಡುಕುತ್ತ ಹಿಂದೆ ಮುಂದೆ ಓಡಾಡಿತು. ಹೆಂಗಸರು ಬೇಲಿಯ ಬಳಿಯಿಂದ ಶಿಲುಬೆಗಳನ್ನು ಹೊತ್ತು ತಂದರು. ಇದ್ದವನ್ನೆಲ್ಲ ಆ ಹಸಿ ಮಣ್ಣಿನ ಮೇಲೆಯೇ, ಒಂದರ ತೋಳಿಗೆ ಇನ್ನೊಂದರ ತೋಳು ತಗಲುವಷ್ಟು ಒತ್ತಾಗಿ ನೆಟ್ಟರು.