ಅದಲುಬದಲಾದ ತೋಳು

ಸಂತ ಕ್ಯಾಥರೀನಳ ಹಬ್ಬದ ದಿನ ಬೆಳಿಗ್ಗೆಯೇ ಒಡೀಲ್‌ಗೆ ಪಿತ್ತ ನೆತ್ತಿಗೇರಿತ್ತು. ಪ್ಯಾರಿಸ್ಸಿನ ವೊದ್ರೇ ಫ್ಯಾಷನ್ ಸಂಸ್ಥೆಯ ಹೊಲಿಗೆಮನೆಗೆ ಅವಳು ಮುಖ್ಯಸ್ಥೆ. ವರ್ಷವಿಡೀ ಗುಂಡುಸೂಜಿ ಕಚ್ಚಿಕೊಂಡು ಕೂರುವ ಹೆಂಗಸರಿಗೆ ಬಾಯಿ ಬಿಡಲು ಸಿಗುವುದು ಇದೊಂದೇ ದಿನ. ಇಪ್ಪತ್ತೈದಾದರೂ ಮದುವೆಯಾಗದ ಹುಡುಗಿಗೆ ಗೆಳತಿಯರು ಹಳದಿ-ಹಸಿರು ಟೋಪಿ ಮಾಡಿ ತೊಡಿಸುತ್ತಾರೆ, ಮಾಲೀಕರೇ ಮೆಟ್ಟಿಲು ಹತ್ತಿ ಬಂದು ಶಾಂಪೇನ್ ಸುರಿಯುತ್ತಾರೆ, ಮುಖ್ಯಸ್ಥೆ ಮನಸ್ಸಿಗೆ ಬಂದ ನಾಲ್ಕು ಮಾತಾಡುತ್ತಾಳೆ. ಈ ಸಲ ಆ ನಾಲ್ಕು ಮಾತನ್ನೂ ಕಚೇರಿಯವರೇ ಬರೆದು ಕಳಿಸಿದ್ದರು. ಹಬ್ಬವನ್ನೂ ಕೆಳಗಿನ ಸಭಾಂಗಣಕ್ಕೆ ಇಳಿಸಿ, ಸಂಸ್ಥೆಯ ಇತಿಹಾಸದ ಪ್ರದರ್ಶನಕ್ಕೆ ಗಂಟು ಹಾಕಿದ್ದರು.

ಸಭಾಂಗಣದ ನಡುವೆ ಗಾಜಿನೊಳಗೆ ಆ ಕರಿ ಕೋಟು ನಿಂತಿತ್ತು. ಬೆನ್ನಿನ ಬಟ್ಟೆ ಗಾಳಿ ತುಂಬಿದ ಹಾಗೆ ಉಬ್ಬಿ, ಭುಜ ಎರಡೂ ಮುಂದಕ್ಕೆ ಬಾಗಿದ ಕೋಟು. ವೊದ್ರೇ ಹೆಸರು ಲೋಕಕ್ಕೆ ಗೊತ್ತಾಗಿದ್ದೇ ಅದರಿಂದ. ಪಕ್ಕದ ಫಲಕದ ಪ್ರಕಾರ, 1958ರಲ್ಲಿ ಸಂಸ್ಥಾಪಕರಾದ ಮೊಸ್ಯೂ, ಎಂದರೆ ಶ್ರೀಮಾನ್, ವೊದ್ರೇ ತಮ್ಮ ಕೈಯಾರೆ ಆ ರೂಪವನ್ನು ಕಂಡುಹಿಡಿದರು. ಯಾವ ಕೈಯೋ ದೇವರೇ ಬಲ್ಲ. ಆ ಮನುಷ್ಯನಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ ಎಂದು ಹೊಲಿಗೆಮನೆಯಲ್ಲಿ ಇವತ್ತಿಗೂ ನಗುತ್ತಾರೆ.

ಕೋಟು ಹೊಲಿದವಳು ಪೋಲೆಟ್, ಒಡೀಲ್‌ಗೆ ಕತ್ತರಿ ಹಿಡಿಯಲು ಕಲಿಸಿದವಳು. ತನ್ನ ಇಪ್ಪತ್ತೈದನೆಯ ವಯಸ್ಸಿನ ಕ್ಯಾಥರೀನ್ ಹಬ್ಬದಂದು, ತಲೆಯ ಮೇಲೆ ಟೋಪಿ, ಹೊಟ್ಟೆಯಲ್ಲಿ ಶಾಂಪೇನ್ ಇಟ್ಟುಕೊಂಡು ಕೆಲಸಕ್ಕೆ ಕೂತು, ಎಡತೋಳನ್ನು ಬಲಕ್ಕೂ ಬಲತೋಳನ್ನು ಎಡಕ್ಕೂ ಕೂಡಿಸಿಬಿಟ್ಟಿದ್ದಳು. ಅದನ್ನೇ ಹೇಳಿ ಹೊಸ ಹುಡುಗಿಯರನ್ನು ಗದರುತ್ತಿದ್ದಳು, "ಎಡ ಯಾವುದು ಬಲ ಯಾವುದು ನೋಡ್ಕೊಂಡು ಹೊಲೀರೇ, ನನ್ನ ಹಾಗೆ ಮಾನ ಕಳ್ಕೋಬೇಡಿ" ಎಂದು.

ಪೋಲೆಟ್‌ಗೆ ಈಗ ತೊಂಬತ್ತು. ಅವಳು ಕಣ್ಣು ಮುಚ್ಚುವುದರೊಳಗೆ ಅವಳ ಹೆಸರು ಆ ಫಲಕದ ಮೇಲೆ ಬರಬೇಕು ಎಂಬುದು ಒಡೀಲ್‌ಳ ಹಟ. ಅದಕ್ಕಾಗಿ ನಿರ್ದೇಶಕ ದೆಲ್ಮಾನ ಬಾಗಿಲು ಸವೆಯುವಷ್ಟು ಅಲೆದಿದ್ದಳು.

"ಕುಡಿದ ಹುಡುಗಿ ಮಾಡಿದ ಎಡವಟ್ಟಿನಿಂದ ಈ ಸಂಸ್ಥೆ ಎದ್ದಿತು ಅಂತ ಬರೀಲಾ ಮೇಡಂ?" ಎಂದು ದೆಲ್ಮಾ ನಕ್ಕಿದ್ದ. "ಜನ ಕನಸು ಕೊಳ್ಳೋಕೆ ಬರ್ತಾರೆ."

"ಕನಸಿಗೆ ತೋಳು ಯಾರು ಹಚ್ಚಿದ್ರು ಅಂತಾದ್ರೂ ಬರೀರಿ."

"ನಿಮ್ಮ ಭಾಷಣ ಕಳಿಸಿದ್ದೀನಿ. ಅದನ್ನ ಓದಿ ಸಾಕು."

ಈಗ ಆ ಹಾಳೆ ಒಡೀಲ್‌ಳ ಬಿಳಿ ಕೋಟಿನ ಜೇಬಿನಲ್ಲಿ ಮುದ್ದೆಯಾಗಿ ಬಿದ್ದಿತ್ತು. ಅದನ್ನು ಓದುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಕೆಲಸ ಹೋದರೆ ಹೋಗಲಿ ಎಂದು ಅವಳು ಆಗಲೇ ನಿಶ್ಚಯಿಸಿದ್ದಳು.

ಗಾಲಿಕುರ್ಚಿಯಲ್ಲಿ ಪೋಲೆಟ್ ಬಂದಳು. ತುಟಿಗೆ ಬಣ್ಣ ಹಚ್ಚಿಕೊಂಡು, ಕೊರಳಿಗೆ ಒಳ್ಳೆಯ ರೇಷ್ಮೆ ವಸ್ತ್ರ ಸುತ್ತಿಕೊಂಡಿದ್ದಳು. ಒಡೀಲ್ ಕುರ್ಚಿಯನ್ನು ಕೋಟಿನ ಕಡೆಗೆ ತಳ್ಳುತ್ತಾ ಬಗ್ಗಿ ಹೇಳಿದಳು, "ಇವತ್ತು ನಿಮ್ಮ ಹೆಸರು ಹೇಳ್ತೀನಿ ಮೇಡಂ. ಎಲ್ಲರ ಮುಂದೆ."

ಪೋಲೆಟ್ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಬೇಡ ಕಣೇ. ನಿನ್ನ ಕಾಲಿಗೆ ಬೀಳ್ತೀನಿ, ಬೇಡ. ಮೊಸ್ಯೂ ಮಾತು ಕೊಟ್ಟಿದ್ರು."

"ಏನಂತ?"

"ನೀನು ಹೊಲಿಗೆಮನೆಯಾಚೆ ಬಾಯಿ ಬಿಡದಿದ್ರೆ ನಿನ್ನ ತಪ್ಪು ನಾನೂ ಯಾರಿಗೂ ಹೇಳಲ್ಲ ಅಂತ. ನಿನ್ನ ಎಡವಟ್ಟನ್ನ ನಾನೇ ಕಷ್ಟಪಟ್ಟು ಸರಿಮಾಡಿದೀನಿ ಅಂದ್ರು. ಕೆಲಸದಿಂದ ತೆಗೀಬಹುದಿತ್ತು, ತೆಗೀಲಿಲ್ಲ. ಸಾಯೋವರೆಗೂ ಮಾತು ಉಳಿಸ್ಕೊಂಡ್ರು, ದೊಡ್ಡ ಮನುಷ್ಯ."

ಒಡೀಲ್ ಅಲ್ಲೇ ನಿಂತುಬಿಟ್ಟಳು. ಮೊಸ್ಯೂ ಕದ್ದಿದ್ದು ಅವಳಿಗೆ ಗೊತ್ತಿತ್ತು. ಕದ್ದವನಿಗೆ ಪೋಲೆಟ್ ಜೀವಮಾನವಿಡೀ ಕೈಮುಗಿದುಕೊಂಡು ಬಂದದ್ದು ಗೊತ್ತಿರಲಿಲ್ಲ. ಗೋಡೆಯ ಮೇಲೆ ನಗುತ್ತಿದ್ದ ಮೊಸ್ಯೂನ ಫೋಟೋವನ್ನು ಕಿತ್ತು ಕಾಲಡಿ ಹಾಕಿ ತುಳಿಯಬೇಕೆನ್ನಿಸಿತು.

"ಸರಿಮಾಡಿದ್ರಾ?" ಎಂದಳು. "ನೋಡಿ ಹೇಳಿ ಮೇಡಂ, ಏನು ಸರಿಮಾಡಿದಾರೆ?"

"ನಾನು ನೋಡಲ್ಲ. ಈ ಕೋಟು ಎಲ್ಲಿ ಕಂಡ್ರೂ ಮುಖ ತಿರುಗಿಸ್ಕೊಂಡು ಬಂದಿದೀನಿ."

"ಇವತ್ತು ನೋಡಿ. ಅವರು ಸರಿಮಾಡಿದ ಒಂದು ಹೊಲಿಗೆ ತೋರಿಸಿ ಸಾಕು. ತೋರಿಸಿದ್ರೆ ಕಚೇರಿಯವರು ಬರ್ಕೊಟ್ಟಿದ್ದನ್ನೇ ಓದ್ತೀನಿ."

ಪೋಲೆಟ್ ಕನ್ನಡಕ ಏರಿಸಿದಳು. ಕಾಲರ್ ನೋಡಿದಳು. ಕಂಕುಳ ನೋಡಿದಳು. ಕುರ್ಚಿಯನ್ನು ಕೋಟಿನ ಹಿಂಬದಿಗೆ ತಿರುಗಿಸಿಕೊಂಡು ಬೆನ್ನು ನೋಡಿದಳು, ಬಗ್ಗಿ ಕೆಳ ಅಂಚನ್ನೂ ನೋಡಿದಳು. ಅವಳ ತುಟಿ ಅಲುಗುತ್ತಿತ್ತು, ಹಿಂದೆ ಹುಡುಗಿಯರ ಕೆಲಸ ಪರೀಕ್ಷಿಸುವಾಗ ಅಲುಗುತ್ತಿದ್ದ ಹಾಗೆಯೇ. ಜನ ಅತ್ತಿತ್ತ ಸರಿದು ದಾರಿ ಬಿಟ್ಟರು.

"ಏನೂ ಮುಟ್ಟಿಲ್ಲ," ಎಂದಳು ಕೊನೆಗೆ. "ನಾನು ಬಿಟ್ಟ ಹಾಗೇ ಇದೆ."

"ಹಾಗೇ ಇದೆ."

"ಅಂದ್ರೆ ಅವನಿಗೆ ಅವತ್ತೇ ಗೊತ್ತಿತ್ತು. ಚೆನ್ನಾಗಿದೆ ಅಂತ."

ಮೊಸ್ಯೂ ಇದ್ದಕ್ಕಿದ್ದಂತೆ 'ಅವನು' ಆಗಿಬಿಟ್ಟಿದ್ದ.

ಅಷ್ಟರಲ್ಲಿ ದೆಲ್ಮಾ ಮೈಕು ಹಿಡಿದು ಬಂದ. "ಮೇಡಂ ಒಡೀಲ್, ಎಲ್ಲರೂ ಕಾಯ್ತಿದ್ದಾರೆ."

"ಇತ್ತ ಕೊಡಪ್ಪ," ಎಂದು ಪೋಲೆಟ್ ಕೈ ಚಾಚಿದಳು. ಕ್ಯಾಮೆರಾಗಳ ಮುಂದೆ ಮುದುಕಿಗೆ ಇಲ್ಲವೆನ್ನಲು ಅವನಿಗೆ ಧೈರ್ಯ ಸಾಲಲಿಲ್ಲ.

"ನನ್ನ ಹೆಸರು ಪೋಲೆಟ್ ಗಿಯಾರ್. ಈ ತೋಳು ಅದಲುಬದಲು ಹಚ್ಚಿದವಳು ನಾನು. ಅವತ್ತು ನಾನು ಕುಡಿದಿದ್ದೆ. ನಿಮ್ಮ ಮೊಸ್ಯೂ ಕುಡಿದಿರಲಿಲ್ಲ, ಬುದ್ಧಿ ಸ್ಥಿಮಿತದಲ್ಲಿ ಇಟ್ಕೊಂಡೇ ಸುಳ್ಳು ಹೇಳಿದ. ಅವನು ಈ ಕೋಟಿಗೆ ಮಾಡಿದ್ದು ಒಂದೇ ಕೆಲಸ. ಚಪ್ಪಾಳೆ ಹೊಡೆದಾಗ ಹೋಗಿ ತಲೆ ಬಾಗಿಸಿದ."

ಹೊಲಿಗೆಮನೆಯ ಹೆಂಗಸರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಹಬ್ಬದ ಹುಡುಗಿ ತನ್ನ ಹಳದಿ-ಹಸಿರು ಟೋಪಿಯನ್ನು ತೆಗೆದು ಪೋಲೆಟ್‌ಳ ತಲೆಗಿಟ್ಟಳು. ದೆಲ್ಮಾ ಮೈಕು ವಾಪಸ್ ಇಸಿದುಕೊಂಡ.

ಪೋಲೆಟ್ ಅವನ ಕಡೆ ನೋಡಲೂ ಇಲ್ಲ. ಟೋಪಿ ಸರಿಮಾಡಿಕೊಳ್ಳುತ್ತಾ ಕೇಳಿದಳು, "ಒಡೀಲ್, ಸ್ಮಶಾನದ ಗೇಟು ಎಷ್ಟೊತ್ತಿಗೆ ಹಾಕ್ತಾರೆ?"

"ಸಂಜೆ ಹಾಕ್ತಾರೆ. ಯಾಕೆ ಮೇಡಂ?"

"ಸತ್ತವರ ಹಬ್ಬಕ್ಕೆ ಪ್ರತಿ ವರ್ಷ ಅವನ ಗೋರಿ ಮೇಲೆ ಸೇವಂತಿಗೆ ಕುಂಡ ಇಟ್ಟು ಬರ್ತೀನಿ. ಈ ತಿಂಗಳು ಇಟ್ಟಿದ್ದು ಇನ್ನೂ ಬಾಡಿರಲ್ಲ. ಕುರ್ಚಿ ತಳ್ಳು, ಹೋಗಿ ವಾಪಸ್ ತಗೊಂಡು ಬರೋಣ."